ಪೂರ್ವಜರ ಮೂಲವೂ ಹೆಣ್ಣಿನ ಸ್ಥಾನವೂ: ಸೇಲಂ–ಧರ್ಮಪುರಿ ಜಿಲ್ಲೆಗಳನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ

ಒಂದು ಜನಸಮುದಾಯ ಹೆಣ್ಣನ್ನು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಆ ಸಮುದಾಯದ ಪ್ರಾಚೀನ ಮೂಲದಲ್ಲಿ ಉತ್ತರ ಹುಡುಕುವ ಪದ್ಧತಿ ಹಳೆಯದು. ಸ್ವಿಸ್ ವಿದ್ವಾಂಸ ಬಾಹೋಫೆನ್ 1861ರಲ್ಲಿ ಮಾತೃಾಧಿಕಾರವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ. ಮಾನವಕುಲ ಮೊದಲು ತಾಯಿಯ ಆಳ್ವಿಕೆಯಲ್ಲಿತ್ತು, ಅನಂತರ ತಂದೆಯ ಆಳ್ವಿಕೆಗೆ ಜಾರಿತು ಎಂಬುದು ಅವನ ಪ್ರತಿಪಾದನೆ. ಒಂದು ಶತಮಾನದ ತರುವಾಯ ಲಿಥುವೇನಿಯಾ ಮೂಲದ ಪುರಾತತ್ತ್ವಜ್ಞೆ ಮಾರಿಯಾ ಗಿಂಬುಟಾಸ್ ಇದೇ ವಿಚಾರಕ್ಕೆ ಉತ್ಖನನದ ಆಧಾರ ಒದಗಿಸಲು ಯತ್ನಿಸಿದರು. ‘ಹಳೆಯ ಯುರೋಪು’ ದೇವಿಯನ್ನು ಪೂಜಿಸುವ ಶಾಂತ ಕೃಷಿಕರ ನಾಡಾಗಿತ್ತು. ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲುಗಳಿಂದ ಕುದುರೆಯೇರಿ ಬಂದ ಪಶುಪಾಲಕರು ಅಲ್ಲಿ ಗಂಡಿನ ಪ್ರಾಧಾನ್ಯವನ್ನು ನೆಲೆಗೊಳಿಸಿದರು ಎಂದು ಅವರು ವಾದಿಸಿದರು. 2015ರಲ್ಲಿ ಪ್ರಾಚೀನ ಅಸ್ಥಿಗಳ ಡಿಎನ್‌ಎ ವಿಶ್ಲೇಷಣೆಯಿಂದ ಹುಲ್ಲುಗಾವಲಿನಿಂದ ದೊಡ್ಡ ವಲಸೆ ನಡೆದದ್ದು ನಿಜವೆಂದು ತಿಳಿದುಬಂದಿತು. ವಲಸೆ ದೃಢಪಟ್ಟ ಮೇಲೆ ಅದಕ್ಕೆ ಅಂಟಿಕೊಂಡಿದ್ದ ಇನ್ನೊಂದು ಮಾತೂ ದೃಢಪಟ್ಟಿತೆಂದು ಅನೇಕರು ಭಾವಿಸಿದರು. ಇಂದಿನ ಯುರೋಪಿಯನ್ನರು ಹೆಣ್ಣನ್ನು ಕಾಣುವ ರೀತಿಗೆ ಅವರ ರಕ್ತದಲ್ಲಿರುವ ರೈತನ ಪಾಲು ಎಷ್ಟು, ಕುದುರೆ ಸವಾರನ ಪಾಲು ಎಷ್ಟು ಎಂಬ ಲೆಕ್ಕವೇ ಕಾರಣವೆಂಬ ವಾದ ಹೀಗೆ ಮತ್ತೆ ತಲೆಯೆತ್ತಿತು.

ದಕ್ಷಿಣ ಭಾರತದಲ್ಲಿ ಇದರ ಪ್ರತಿರೂಪ ಕನ್ನಡ ವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಿತ. ದ್ರಾವಿಡರು ಮಾತೃದೇವತೆಯ ಆರಾಧಕರು, ಆದ್ದರಿಂದ ಅವರಲ್ಲಿ ಹೆಣ್ಣಿಗೆ ಗೌರವವಿತ್ತು. ಹೆಣ್ಣನ್ನು ಕೀಳಾಗಿಸಿದ ಪದ್ಧತಿಗಳು ಉತ್ತರದಿಂದ ಬಂದವು ಎಂಬ ಮಾತು ಭಾಷಣಗಳಲ್ಲಿ, ಪ್ರಬಂಧಗಳಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಈ ಮಾತನ್ನು ಪರೀಕ್ಷಿಸಲು ಸೇಲಂ ಮತ್ತು ಧರ್ಮಪುರಿಗಿಂತ ತಕ್ಕ ನೆಲ ಮತ್ತೊಂದಿಲ್ಲ.

ಈ ನೆಲ ಕನ್ನಡಕ್ಕೆ ಹೊರಗಿನದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದಲ್ಲಿ ಇದು ನೊಳಂಬರ ಆಳ್ವಿಕೆಗೆ ಸೇರಿತ್ತು. ಆ ಅರಸರ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಧರ್ಮಪುರಿ, ಓಮಲೂರು ಮುಂತಾದ ಸ್ಥಳಗಳು ಮೈಸೂರಿನ ಹಿಡಿತಕ್ಕೆ ಬಂದವು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಬಾರಾಮಹಲ್ ಎಂದು ಕರೆಯಿಸಿಕೊಂಡ ಈ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದ ಮೂಲಕ ಕಂಪನಿಗೆ ಸೇರಿತು. ಧರ್ಮಪುರಿ 1965ರಲ್ಲಿ ಸೇಲಂನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. 2004ರಲ್ಲಿ ಅದರಿಂದ ಕೃಷ್ಣಗಿರಿ ಒಡೆಯಿತು. ಹೊಸೂರು, ದೇನ್ಕಣಿಕೋಟೆಗಳ ಕಡೆ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ರಾಗಿ ಮುದ್ದೆ ಗಡಿಯ ಎರಡೂ ಕಡೆಯ ಊಟ.

ಹೆಣ್ಣಿನ ಹಿರಿಮೆಯನ್ನು ಪೂರ್ವಜರಲ್ಲಿ ಹುಡುಕುವವರಿಗೆ ಇಲ್ಲಿ ಸಾಮಗ್ರಿ ಧಾರಾಳವಾಗಿ ದೊರೆಯುತ್ತದೆ. ಸಂಗಂ ಕಾಲದ ಕವಯಿತ್ರಿ ಔವೈಯಾರ್ ತಗಡೂರಿನ ಅದಿಯಮಾನನ ಆಪ್ತಳು. ಅವನು ತನಗೆ ದೊರೆತ ಅಪರೂಪದ ನೆಲ್ಲಿಕಾಯಿಯನ್ನು ತಾನು ತಿನ್ನದೆ ಅವಳಿಗೆ ಕೊಟ್ಟನೆಂಬ ಕಥೆ ತಮಿಳರೆಲ್ಲರ ನಾಲಿಗೆಯ ಮೇಲಿದೆ. ಸೇಲಂನ ಕೋಟೆ ಮಾರಿಯಮ್ಮನ ಆಡಿ ತಿಂಗಳ ಹಬ್ಬಕ್ಕೆ ಇಡೀ ನಗರವೇ ನೆರೆಯುತ್ತದೆ. ಧರ್ಮಪುರಿಯ ಹಳ್ಳಿಗಳಲ್ಲಿ ದ್ರೌಪದಿ ಅಮ್ಮನ ಗುಡಿಗಳೂ ಅವಳ ಕಥೆಯ ಕೂತ್ತುಗಳೂ ಇಂದಿಗೂ ಜೀವಂತ.

ಆದರೆ ಇದೇ ಸೀಮೆಯ ಹೊಲಗಳಲ್ಲಿ ವೀರಗಲ್ಲುಗಳ ಜೊತೆಗೆ ಮಾಸ್ತಿಕಲ್ಲುಗಳೂ ನಿಂತಿವೆ. ಗಂಡನ ಚಿತೆಯೇರಿದ ಹೆಣ್ಣಿನ ನೆನಪಿಗೆ ನೆಟ್ಟ ಕಲ್ಲುಗಳವು. ಪೂರ್ವಜರ ಉಗ್ರಾಣದಿಂದ ಯಾರು ಏನನ್ನು ಬೇಕಾದರೂ ತೆಗೆಯಬಹುದು. ಔವೈಯ ನೆಲ್ಲಿಕಾಯಿಯನ್ನು ತೆಗೆದವರು ಮಾಸ್ತಿಕಲ್ಲನ್ನು ಅಲ್ಲಿಯೇ ಬಿಟ್ಟುಬರುತ್ತಾರೆ.

1991ರ ಜನಗಣತಿ ಈ ಚರ್ಚೆಯನ್ನು ಪುರಾಣದಿಂದ ನೆಲಕ್ಕೆ ಇಳಿಸಿತು. ಸಾವಿರ ಗಂಡುಮಕ್ಕಳಿಗೆ ಎಷ್ಟು ಹೆಣ್ಣುಮಕ್ಕಳು ಎಂಬುದನ್ನು ಮಕ್ಕಳ ಲಿಂಗಾನುಪಾತ ಎನ್ನುತ್ತಾರೆ. ಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳನ್ನು ಇದಕ್ಕೆ ತೆಗೆದುಕೊಳ್ಳುತ್ತಾರೆ. ಮಾನವರಲ್ಲಿ ಸಹಜವಾಗಿಯೇ ನೂರು ಹೆಣ್ಣು ಹುಟ್ಟುವಲ್ಲಿ ಸುಮಾರು ನೂರಾಐದು ಗಂಡು ಹುಟ್ಟುವುದರಿಂದ ಈ ಸಂಖ್ಯೆ 950ರ ಆಸುಪಾಸು ಇದ್ದರೆ ಆತಂಕಕ್ಕೆ ಕಾರಣವಿಲ್ಲ. 1991ರಲ್ಲಿ ಭಾರತದ ಅನುಪಾತ 945, ತಮಿಳುನಾಡಿನದು 948, ಕರ್ನಾಟಕದ್ದು 960. ಸೇಲಂ ಜಿಲ್ಲೆಯದು 849. ಆಗ ನಾಮಕ್ಕಲ್ ಕೂಡ ಸೇಲಂನೊಳಗೇ ಇತ್ತು. ದಕ್ಷಿಣ ಭಾರತದಲ್ಲಿ ಇಷ್ಟು ಕೆಳಗಿನ ಸಂಖ್ಯೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ನೂರು ಹೆಣ್ಣುಮಕ್ಕಳು ಇರಬೇಕಾದ ಕಡೆ ಹತ್ತಕ್ಕೂ ಹೆಚ್ಚು ಮಕ್ಕಳು ಇರಲಿಲ್ಲ ಎಂದು ಇದರ ಅರ್ಥ.

ಅವರು ಏನಾದರು ಎಂಬುದು ಊರಿನವರಿಗೆ ತಿಳಿಯದ ವಿಷಯವಾಗಿರಲಿಲ್ಲ. 1986ರಲ್ಲಿಯೇ ಮದುರೆ ಜಿಲ್ಲೆಯ ಉಸಿಲಂಪಟ್ಟಿಯಲ್ಲಿ ಹೆಣ್ಣು ಶಿಶುಗಳನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಕೊಲ್ಲಲಾಗುತ್ತಿದೆ ಎಂಬ ವರದಿ ಇಂಡಿಯಾ ಟುಡೇ ಪತ್ರಿಕೆಯಲ್ಲಿ ಬಂದಿತ್ತು. ಆಗ ಅದನ್ನು ಒಂದು ಊರಿನ, ಒಂದು ಜಾತಿಯ ವಿಲಕ್ಷಣವೆಂದು ಬದಿಗಿಡಲಾಯಿತು. 1997ರಲ್ಲಿ ಶೀಲಾ ರಾಣಿ ಚುಂಕತ್ ಮತ್ತು ವಿ. ಬಿ. ಅತ್ರೇಯ ಅವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾಖಲೆಗಳನ್ನು ಆಧರಿಸಿ ಬರೆದ ಲೇಖನ ಆ ನೆಮ್ಮದಿಯನ್ನು ಕೆಡಿಸಿತು. ಮದುರೆಯಿಂದ ಆರಂಭಿಸಿ ದಿಂಡಿಗಲ್, ಸೇಲಂ, ಧರ್ಮಪುರಿಗಳ ಮೂಲಕ ಉತ್ತರ ಆರ್ಕಾಡಿನ ಕಡೆಗೆ ಒಂದಕ್ಕೊಂದು ಅಂಟಿಕೊಂಡ ಪಟ್ಟಿಯೊಂದರಲ್ಲಿ ಈ ಕೃತ್ಯ ಹರಡಿತ್ತು. ಒಂದಕ್ಕಿಂತ ಹೆಚ್ಚು ಜಾತಿಗಳಲ್ಲಿತ್ತು.

ಆ ದಾಖಲೆಗಳ ಭಾಷೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಶಿಶುಮರಣದ ಕಾರಣವನ್ನು ಬರೆಯುವ ಅಂಕಣದಲ್ಲಿ ಅತಿಸಾರ, ಜ್ವರ, ಅವಧಿಗೆ ಮುನ್ನ ಜನನ ಎಂಬವುಗಳ ಜೊತೆಗೆ ‘ಸಾಮಾಜಿಕ ಕಾರಣ’ ಎಂಬ ನಮೂದು ಇರುತ್ತಿತ್ತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಕೊಲೆ ಎಂದು ಬರೆಯುವಂತಿರಲಿಲ್ಲ. ಬರೆದರೆ ಪೊಲೀಸರು ಬರುತ್ತಾರೆ, ಆಕೆ ಮತ್ತೆ ಆ ಬೀದಿಗೆ ಕಾಲಿಡಲಾಗುವುದಿಲ್ಲ. ಸುಳ್ಳನ್ನು ಬರೆಯಲೂ ಮನಸ್ಸಿರಲಿಲ್ಲ. ಎರಡರ ನಡುವೆ ಹುಟ್ಟಿದ ಪದ ಅದು. ಅಲಂಕಾರಶಾಸ್ತ್ರ ಮಂಗಳಭಾಷಿತವೆಂದು ಕರೆಯುವ ಮಾತಿನ ಬಗೆಗೆ ಇದಕ್ಕಿಂತ ಕಠೋರವಾದ ಉದಾಹರಣೆ ಸಿಗಲಾರದು. ಆದರೂ ಆ ಪದವೇ ಸಂಶೋಧಕರಿಗೆ ಸತ್ಯದ ಬಾಗಿಲು ತೆರೆಯಿತು. ಸಾವಿನ ಕಾರಣ ಮಗುವಿನ ದೇಹದಲ್ಲಿಲ್ಲ, ಸಮಾಜದಲ್ಲಿದೆ ಎಂದು ಅದು ಹೇಳುತ್ತದೆ.

ಈಗ ಮೂಲದ ವಾದಕ್ಕೆ ಹಿಂದಿರುಗಬಹುದು. ಹೆಣ್ಣು ಶಿಶುಹತ್ಯೆಯನ್ನು ಕುಲದ ಲಕ್ಷಣವೆಂದು ಬಗೆಯುವ ರೂಢಿಗೆ ವಸಾಹತು ಆಡಳಿತದಲ್ಲಿ ದೀರ್ಘ ಇತಿಹಾಸವಿದೆ. 1789ರಲ್ಲಿ ಬನಾರಸಿನ ರೆಸಿಡೆಂಟ್ ಜೊನಾಥನ್ ಡಂಕನ್ ರಜಪೂತರ ಒಂದು ಪಂಗಡದಲ್ಲಿ ಇದನ್ನು ಕಂಡು ವರದಿ ಮಾಡಿದ. 1870ರಲ್ಲಿ ಶಿಶುಹತ್ಯೆ ತಡೆಯ ಕಾನೂನು ಬಂದಿತು; ಅದು ಸಂಶಯಿತ ಕುಲಗಳನ್ನು ಗುರುತಿಸಿ, ಅವರ ಮನೆಗಳ ಜನನ ಮರಣಗಳ ಮೇಲೆ ಕಣ್ಣಿಡುವ ವಿಧಾನವನ್ನು ಅನುಸರಿಸಿತು. ವಾಯವ್ಯದ ಯೋಧಕುಲಗಳ ಸ್ವಭಾವವಿದು, ದಕ್ಷಿಣಕ್ಕೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಹೀಗೆ ಬೇರೂರಿತು.

ದಕ್ಷಿಣಕ್ಕೆ ಸಂಬಂಧಿಸಿದ್ದಲ್ಲ ಎಂಬುದಕ್ಕೆ ರಕ್ತಕ್ಕಿಂತ ಎಷ್ಟೋ ಮೇಲಾದ ಒಂದು ಕಾರಣವನ್ನು ವಿದ್ವಾಂಸರು ಕಂಡುಕೊಂಡಿದ್ದರು: ನಂಟಸ್ತಿಕೆಯ ವ್ಯವಸ್ಥೆ. ಇದು ಕನ್ನಡ ವಿದ್ಯಾರ್ಥಿಗಳ ಸ್ವಂತ ಹೊಲ. ಆದುದರಿಂದ ಸ್ವಲ್ಪ ನಿಧಾನವಾಗಿ ನೋಡುವುದು ಉಚಿತ.

ಕನ್ನಡದಲ್ಲಿ ‘ಮಾವ’ ಎಂದರೆ ತಾಯಿಯ ಸೋದರ. ಗಂಡನ ಅಥವಾ ಹೆಂಡತಿಯ ತಂದೆಯೂ ಮಾವನೇ. ‘ಅತ್ತೆ’ ಎಂದರೆ ತಂದೆಯ ಸೋದರಿ. ಗಂಡನ ತಾಯಿಯೂ ಹೆಂಡತಿಯ ತಾಯಿಯೂ ಅತ್ತೆಯೇ. ಗಂಡಸಿಗೆ ಅಕ್ಕತಂಗಿಯರ ಮಗ ‘ಅಳಿಯ’, ಮಗಳ ಗಂಡನೂ ಅಳಿಯ. ‘ಸೊಸೆ’ ಎಂಬ ಪದಕ್ಕೂ ಇದೇ ಇಬ್ಬಗೆಯ ಅರ್ಥವಿದೆ. ತಂದೆಯ ತಮ್ಮನಾದರೋ ಚಿಕ್ಕಪ್ಪ, ತಾಯಿಯ ತಂಗಿ ಚಿಕ್ಕಮ್ಮ. ಇವರ ಮಕ್ಕಳು ಅಣ್ಣತಮ್ಮಂದಿರು, ಅಕ್ಕತಂಗಿಯರು, ಇವರೊಳಗೆ ಮದುವೆಯ ಮಾತೇ ಇಲ್ಲ. ಭಾಷೆ ಇಲ್ಲಿ ಒಂದು ಮದುವೆಯ ನಿಯಮವನ್ನೇ ಪದಗಳಲ್ಲಿ ಕಟ್ಟಿಟ್ಟಿದೆ. ಸೋದರಮಾವನ ಅಥವಾ ಸೋದರತ್ತೆಯ ಮನೆಗೆ ಹೆಣ್ಣು ಹೋಗುವುದು ವಾಡಿಕೆಯಾದ ಸಮಾಜದಲ್ಲಿ ಮಾತ್ರ ಇಂತಹ ಪದಗಳು ಹುಟ್ಟಬಲ್ಲವು. ತಮಿಳಿನ ‘ಮಾಮನ್’, ‘ಅತ್ತೈ’ಗಳೂ ಇದೇ ಕಥೆಯನ್ನು ಹೇಳುತ್ತವೆ. ಹಿಂದಿಯಲ್ಲಿ ತಾಯಿಯ ಸೋದರ ‘ಮಾಮಾ’, ಹೆಂಡತಿಯ ತಂದೆ ‘ಸಸುರ’. ಎರಡು ಪದಗಳ ನಡುವೆ ಗೋಡೆಯಿದೆ. ಅಮೆರಿಕದ ಲೂಯಿ ಮಾರ್ಗನ್ 1871ರಲ್ಲಿ ತನ್ನ ಮಹಾಗ್ರಂಥದಲ್ಲಿ ಈ ಪದವ್ಯವಸ್ಥೆಯನ್ನು ಚರ್ಚಿಸಿದ ಬಳಿಕ ‘ದ್ರಾವಿಡ ಬಂಧುತ್ವ’ ಎಂಬುದು ಮಾನವಶಾಸ್ತ್ರದಲ್ಲಿ ಪಾರಿಭಾಷಿಕವಾಗಿಯೇ ನೆಲೆಸಿತು. ಜಗತ್ತಿನ ಬೇರೆ ಬೇರೆ ಖಂಡಗಳಲ್ಲಿ, ದ್ರಾವಿಡರೊಂದಿಗೆ ಯಾವ ರಕ್ತಸಂಬಂಧವೂ ಇಲ್ಲದ ಜನರಲ್ಲಿಯೂ ಇದೇ ಮಾದರಿ ಕಂಡುಬಂದಾಗ ಅದನ್ನೂ ಆ ಹೆಸರಿನಿಂದಲೇ ಕರೆದರು ಎಂಬುದನ್ನು ನೆನಪಿಡಬೇಕು.

ಭಾರತದ ಬಂಧುತ್ವವನ್ನು ಸಮಗ್ರವಾಗಿ ವಿವೇಚಿಸಿದವರು ಇರಾವತಿ ಕರ್ವೆ. 1953ರಲ್ಲಿ ಬಂದ ಅವರ ಗ್ರಂಥ ಉತ್ತರದ ಮದುವಣಗಿತ್ತಿಯ ಮತ್ತು ದಕ್ಷಿಣದ ಮದುವಣಗಿತ್ತಿಯ ಬಾಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿತು. ಉತ್ತರದಲ್ಲಿ ಹೆಣ್ಣು ದೂರದ ಊರಿಗೆ, ಮುಖವನ್ನೇ ಕಾಣದವರ ಮನೆಗೆ ಹೋಗುತ್ತಾಳೆ. ದಕ್ಷಿಣದಲ್ಲಿ ಬಾಲ್ಯದಿಂದ ಕಂಡ ಅತ್ತೆಯ ಮನೆಗೇ, ತವರಿಗೆ ನಡೆದು ಬರಬಹುದಾದ ಅಂತರದಲ್ಲಿ ಸೇರುತ್ತಾಳೆ. ಸಾಂದರ್ಭಿಕವಾಗಿ ಹೇಳಬಹುದಾದ ಮಾತೊಂದಿದೆ: ಇದೇ ಕರ್ವೆಯವರು 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಓಯ್ಗನ್ ಫಿಶರ್ ಎಂಬ ಜನಾಂಗವಾದಿ ವಿಜ್ಞಾನಿಯ ಮಾರ್ಗದರ್ಶನದಲ್ಲಿ ತಲೆಬುರುಡೆಗಳನ್ನು ಅಳೆದು, ಬುರುಡೆಯ ಅಸಮತೆಗೂ ಜನಾಂಗಕ್ಕೂ ಸಂಬಂಧವಿಲ್ಲವೆಂದು ಗುರುವಿನ ಅಪೇಕ್ಷೆಗೆ ವಿರುದ್ಧವಾದ ನಿರ್ಣಯಕ್ಕೆ ಬಂದಿದ್ದರು. ಮೂಲವನ್ನು ಅಳೆದು ನೋಡಿದವರೇ ಅದನ್ನು ಬಿಟ್ಟು ಕುಟುಂಬದ ಕಡೆಗೆ ತಿರುಗಿದರು.

1983ರಲ್ಲಿ ಟಿಮ್ ಡೈಸನ್ ಮತ್ತು ಮಿಕ್ ಮೂರ್ ಈ ಬಂಧುತ್ವ ಭೇದವನ್ನು ಜನಸಂಖ್ಯೆಯ ಅಂಕಿಗಳೊಂದಿಗೆ ಹೊಂದಿಸಿದರು. ಹೆಣ್ಣು ತವರಿನ ಹತ್ತಿರವೇ ಇರುವ ದಕ್ಷಿಣದಲ್ಲಿ ಅವಳ ಸ್ವಾತಂತ್ರ್ಯ ಹೆಚ್ಚು, ಹೆಣ್ಣುಮಕ್ಕಳ ಉಳಿವು ಉತ್ತಮ. ಉತ್ತರದಲ್ಲಿ ಇದರ ತಿರುವುಮುರುವು. ಗಮನಿಸಬೇಕಾದ ಅಂಶವೆಂದರೆ ಇವರ ವಿವರಣೆ ವಂಶದ್ದಲ್ಲ, ವ್ಯವಸ್ಥೆಯದು. ವಂಶ ಬದಲಾಗದು, ವ್ಯವಸ್ಥೆ ಬದಲಾಗಬಲ್ಲುದು. ಸೇಲಂನಲ್ಲಿ ಅದು ಬದಲಾಯಿತು.

ಬದಲಾವಣೆಯ ಸುಳಿವನ್ನೂ ಪದಗಳಿಂದಲೇ ಹಿಡಿಯಬಹುದು. ಕನ್ನಡದಲ್ಲಿ ‘ತೆರ’ ಎಂಬ ಪದವಿದೆ. ಗಂಡಿನ ಕಡೆಯವರು ಹೆಣ್ಣಿನ ತಂದೆತಾಯಿಗಳಿಗೆ ಕೊಡುತ್ತಿದ್ದ ಹಣ ಅದು. ಹಳಗನ್ನಡದ ‘ತೆಱು’ ಎಂದರೆ ಸಲ್ಲಿಸು, ಪಾವತಿ ಮಾಡು. ‘ತೆರಿಗೆ’ ಬಂದದ್ದೂ ಅದೇ ಧಾತುವಿನಿಂದ. ತಮಿಳು ಸೀಮೆಯಲ್ಲಿ ಇದಕ್ಕೆ ಸಮಾನವಾದದ್ದು ‘ಪರಿಸಂ’. ದುಡಿಯುವ ಹೆಣ್ಣೊಬ್ಬಳು ಮನೆಯಿಂದ ಹೋಗುತ್ತಾಳೆ, ಆ ಮನೆಗೆ ನಷ್ಟವಾಗುತ್ತದೆ, ನಷ್ಟವನ್ನು ತುಂಬಿಕೊಡಬೇಕು ಎಂಬ ತಿಳಿವಳಿಕೆ ಇದರ ಹಿಂದಿತ್ತು. ‘ವರದಕ್ಷಿಣೆ’ ಎಂಬುದು ಸಂಸ್ಕೃತ ಪದ. ಇದನ್ನು ಕಂಡ ಕೂಡಲೇ ತೆರ ದ್ರಾವಿಡ, ದಕ್ಷಿಣೆ ಆರ್ಯ, ಆದ್ದರಿಂದ ದೋಷ ಉತ್ತರದಿಂದ ಬಂತು ಎಂದು ತೀರ್ಮಾನಿಸುವುದು ಆತುರದ ಮಾತು. ಪದ ಬಂದ ದಾರಿಯಲ್ಲೇ ಪದ್ಧತಿಯೂ ಬರಬೇಕೆಂದಿಲ್ಲ. ಎಂ. ಎನ್. ಶ್ರೀನಿವಾಸರು ವರದಕ್ಷಿಣೆಯನ್ನು ಕುರಿತ ತಮ್ಮ 1984ರ ಕೃತಿಯಲ್ಲಿ ದಕ್ಷಿಣ ಭಾರತದ ಇಂದಿನ ವರದಕ್ಷಿಣೆ ಶಾಸ್ತ್ರಗ್ರಂಥಗಳ ಸ್ತ್ರೀಧನದ ಮುಂದುವರಿಕೆಯಲ್ಲವೆಂದು ವಾದಿಸಿದರು. ಇಂಗ್ಲಿಷ್ ವಿದ್ಯೆ, ಸರಕಾರಿ ನೌಕರಿ, ನಗದು ಹಣದ ಚಲಾವಣೆ ಇವುಗಳಿಂದ ವರನ ‘ಬೆಲೆ’ ಏರಿದುದು ಆಧುನಿಕ ಕಾಲದ ಬೆಳವಣಿಗೆ. ತಮಿಳುನಾಡಿನ ಹಳ್ಳಿಯೊಂದನ್ನು ಅಧ್ಯಯನ ಮಾಡಿದ ಕರಿನ್ ಕಪಾಡಿಯಾ ಅವರು 1995ರ ಗ್ರಂಥದಲ್ಲಿ ಬ್ರಾಹ್ಮಣೇತರ ಸಮುದಾಯಗಳಲ್ಲಿ ತೆರ ಮರೆಯಾಗಿ ವರದಕ್ಷಿಣೆ ಬಂದುದನ್ನೂ, ಸೋದರ ಸಂಬಂಧದ ಮದುವೆಗಳು ಸಡಿಲಗೊಂಡುದನ್ನೂ ಒಟ್ಟಿಗೆ ದಾಖಲಿಸಿದರು. ಓದಿದ, ನೌಕರಿ ಹಿಡಿದ ಹುಡುಗನಿಗೆ ಸೋದರಮಾವನ ಮಗಳೇ ಆಗಬೇಕೆಂಬ ಹಟ ಉಳಿಯಲಿಲ್ಲ. ಹೊರಗಿನ ಹೆಣ್ಣು ಹೆಚ್ಚು ತರುತ್ತಾಳೆ.

ಸೇಲಂ ಸೀಮೆಯ ಆರ್ಥಿಕ ಬದುಕನ್ನು ಇದರ ಪಕ್ಕದಲ್ಲಿಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಇದು ಮಳೆ ಕಡಿಮೆಯ ನಾಡು. ರಾಗಿ, ಸಜ್ಜೆ, ನೆಲಗಡಲೆಯ ನಾಡು. ಕಳೆ ಕೀಳುವುದು, ಕೊಯ್ಯುವುದು, ಬಡಿಯುವುದು ಎಲ್ಲವೂ ಹೆಣ್ಣಿನ ಕೈಯ ಕೆಲಸ. ಪ್ರಣಬ್ ಬರ್ಧನ್ 1974ರಲ್ಲಿ ಹೊಲದಲ್ಲಿ ಹೆಣ್ಣಿನ ದುಡಿಮೆಗೆ ಬೇಡಿಕೆ ಇರುವ ಕಡೆ ಹೆಣ್ಣುಮಗುವಿನ ಬದುಕಿಗೂ ಬೆಲೆಯಿರುತ್ತದೆ ಎಂಬ ಊಹೆಯನ್ನು ಮುಂದಿಟ್ಟಿದ್ದರು. ಹಳೆಯ ಸೇಲಂಗೆ ಅದು ಒಪ್ಪುತ್ತಿತ್ತು. ಆದರೆ 1934ರಲ್ಲಿ ಮೇಟ್ಟೂರು ಅಣೆಕಟ್ಟು ಮುಗಿಯಿತು. ಸ್ವಾತಂತ್ರ್ಯಾನಂತರ ವಿದ್ಯುತ್ ಪಂಪುಗಳು ಬಾವಿಗಳಿಗೆ ಇಳಿದವು. ಮರಗೆಣಸಿನಿಂದ ಸಬ್ಬಕ್ಕಿ ತಯಾರಿಸುವ ಕಾರ್ಖಾನೆಗಳು ಸೇಲಂ ಸುತ್ತ ಎದ್ದವು. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂತು. ನಾಮಕ್ಕಲ್ ಮತ್ತು ಸಂಕಗಿರಿ ಲಾರಿಗಳಿಗೆ, ತಿರುಚೆಂಗೋಡು ಕೊಳವೆಬಾವಿ ಕೊರೆಯುವ ಯಂತ್ರಗಳಿಗೆ ಹೆಸರಾದವು. ನಗದು ಕೈಗೆ ಬಂದ ಮನೆಗಳು ಹೆಣ್ಣನ್ನು ಹೊಲದಿಂದ ಹಿಂದಕ್ಕೆ ಕರೆದುಕೊಂಡವು. ಮಗಳು ಬಿಸಿಲಿಗೆ ಹೋಗದಿರುವುದೇ ಮನೆತನದ ಗೌರವದ ಗುರುತಾಯಿತು. ಉಸಿಲಂಪಟ್ಟಿಯ ಕಡೆ ಇಂತಹುದೇ ತಿರುವನ್ನು 1950ರ ದಶಕದ ಕೊನೆಯ ವೈಗೈ ಅಣೆಕಟ್ಟಿನ ನೀರಾವರಿಯೊಂದಿಗೆ ಸಂಶೋಧಕರು ಜೋಡಿಸಿದ್ದಾರೆ. ದುಡಿಯುವಾಗ ತೆರ ತರುತ್ತಿದ್ದ ಮಗಳು ದುಡಿಮೆ ನಿಂತಾಗ ದಕ್ಷಿಣೆ ಕೇಳುವ ಹೊರೆಯಾದಳು.

ಇದೇ ದಶಕಗಳಲ್ಲಿ ಕುಟುಂಬ ಚಿಕ್ಕದಾಯಿತು. 1990ರ ದಶಕದ ಮಧ್ಯದ ವೇಳೆಗೆ ತಮಿಳುನಾಡಿನಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಎರಡೇ ಮಕ್ಕಳು ಎಂಬ ಸ್ಥಿತಿ ಹೆಚ್ಚುಕಡಿಮೆ ಬಂದಿತ್ತು. ಇಡೀ ದೇಶ ಹೊಗಳಿದ ಸಾಧನೆ ಅದು, ಹೊಗಳಿಕೆಗೆ ಯೋಗ್ಯವೂ ಹೌದು. ಐದು ಮಕ್ಕಳಿರುವ ಮನೆಯಲ್ಲಿ ಒಂದಾದರೂ ಗಂಡು ತಾನಾಗಿ ಬರುತ್ತದೆ. ಎರಡೇ ಸಾಕೆಂದ ಮನೆಯಲ್ಲಿ ಅದು ಆಕಸ್ಮಿಕಕ್ಕೆ ಬಿಟ್ಟ ವಿಷಯವಾಗಿ ಉಳಿಯುವುದಿಲ್ಲ. ಕ್ಷೇತ್ರಾಧ್ಯಯನಗಳು ಮತ್ತೆ ಮತ್ತೆ ಹೇಳುವುದೂ ಇದನ್ನೇ: ಮೊದಲ ಹೆಣ್ಣು ಬಹುಪಾಲು ಉಳಿಯುತ್ತಿದ್ದಳು, ಅಪಾಯ ಎರಡನೆಯವಳಿಗೆ, ಅದಕ್ಕಿಂತ ಹೆಚ್ಚಾಗಿ ಮೂರನೆಯವಳಿಗೆ. ಹೆಣ್ಣನ್ನು ದ್ವೇಷಿಸುವ ಗುಣ ರಕ್ತದಲ್ಲಿ ಹರಿದುಬಂದದ್ದಾಗಿದ್ದರೆ ಅದು ಮೊದಲನೆಯವಳನ್ನು ಬಿಟ್ಟು ಎರಡನೆಯವಳನ್ನು ಹುಡುಕುತ್ತಿರಲಿಲ್ಲ. ಎಣಿಕೆ ಮಾಡುವುದು ರಕ್ತವಲ್ಲ, ಮನೆಯ ಹಿರಿಯರು. ಆ ಎಣಿಕೆ ನಡೆಯುವ ಹೊತ್ತಿನಲ್ಲಿ ಬಾಣಂತಿಯ ಮಾತಿಗೆ ಎಷ್ಟು ಬೆಲೆಯಿತ್ತು ಎಂಬುದು ಬೇರೆ ಪ್ರಶ್ನೆ. ಕೃತ್ಯ ಬಯಲಾದಾಗ ಜೈಲಿಗೆ ಹೋಗುವ ಸರದಿ ಮಾತ್ರ ಅನೇಕ ಸಲ ಅವಳದೇ ಆಗಿತ್ತು.

ಭೂಗೋಳವೂ ಮೂಲವಾದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಅದೇ ತಮಿಳು ನಾಡಿನ ಕನ್ಯಾಕುಮಾರಿಯಲ್ಲಿ, ನೀಲಗಿರಿಯಲ್ಲಿ ಅನುಪಾತ ಸಹಜ ಮಟ್ಟಕ್ಕೆ ಸಮೀಪವಿತ್ತು. ಹೊಸೂರಿನ ಆಚೆಗೆ ಅದೇ ರಾಗಿಯ, ಅದೇ ಮಾವ–ಅಳಿಯಂದಿರ ಕರ್ನಾಟಕವಿತ್ತು. ಅಲ್ಲಿ ರಾಜ್ಯದ ಅನುಪಾತ ಸೇಲಂಗಿಂತ ನೂರಕ್ಕೂ ಮೇಲಿತ್ತು. ಪೂರ್ವಜರ ಗಡಿ ಇಷ್ಟು ಕರಾರುವಾಕ್ಕಾಗಿ ಜಿಲ್ಲೆಯ ಗಡಿಯನ್ನು ಅನುಸರಿಸುವುದಿಲ್ಲ. ಇಷ್ಟಕ್ಕೂ ಭಾರತೀಯರ ಜಿನೋಮುಗಳ ಅಧ್ಯಯನ 2009ರಿಂದ ಈಚೆಗೆ ತೋರಿಸಿಕೊಟ್ಟಿರುವುದು ಇಂದಿನ ಬಹುತೇಕ ಎಲ್ಲ ಸಮುದಾಯಗಳೂ ಹಲವು ಮೂಲಗಳ ಬೆರಕೆ ಎಂಬುದನ್ನು. ಆ ಬೆರಕೆ ಸುಮಾರು ನಾಲ್ಕು ಸಾವಿರದಿಂದ ಎರಡು ಸಾವಿರ ವರ್ಷಗಳ ಹಿಂದೆ ನಡೆಯಿತೆಂದು 2013ರ ಅಧ್ಯಯನವೊಂದು ಅಂದಾಜಿಸಿತು. ಮೂಲದ ಪಾಲು ಜಾತಿಯಿಂದ ಜಾತಿಗೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ನಾಮಕ್ಕಲ್ಲಿಗೂ ನೀಲಗಿರಿಗೂ ನಡುವಣ ಹೆಣ್ಣುಮಕ್ಕಳ ಅಂತರವನ್ನು ಅದು ವಿವರಿಸಲಾರದು.

ಯುರೋಪಿನಲ್ಲಿಯೂ ಫಲಿತಾಂಶ ಭಿನ್ನವಲ್ಲ. ಹುಲ್ಲುಗಾವಲಿನ ಪಶುಪಾಲಕರ ಪಾಲು ಹೆಚ್ಚಾಗಿರುವುದು ಉತ್ತರ ಯುರೋಪಿನವರಲ್ಲಿ. ಹೆಣ್ಣಿನ ಸಮಾನತೆಯ ಸೂಚ್ಯಂಕಗಳಲ್ಲಿ ಮುಂದಿರುವುದೂ ಅವರೇ. ನಾರ್ವೆಯ ಹೆಂಗಸರಿಗೆ 1913ರಲ್ಲಿ ಮತಾಧಿಕಾರ ದೊರೆಯಿತು; ಸ್ವಿಟ್ಜರ್ಲೆಂಡಿನವರು ರಾಷ್ಟ್ರಮಟ್ಟದಲ್ಲಿ ಅದನ್ನು ಪಡೆದದ್ದು 1971ರಲ್ಲಿ. ಆ ದೇಶದ ಒಂದು ಪುಟ್ಟ ಪ್ರಾಂತ 1990ರವರೆಗೆ ಸ್ಥಳೀಯ ಮತವನ್ನು ತಡೆಹಿಡಿದಿತ್ತು, ಪಕ್ಕದ ಪ್ರಾಂತಗಳು ಕೊಟ್ಟಿದ್ದರೂ. 2025ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಕುತೂಹಲಕರವಾಗಿವೆ. ಅನಾತೋಲಿಯದ ಚಾತಾಲ್‌ಹ್ಯೂಯುಕ್ ಎಂಬ ನವಶಿಲಾಯುಗದ ಊರಿನಲ್ಲಿ ಒಂದೇ ಮನೆಯಡಿ ಹೂಳಲ್ಪಟ್ಟವರು ತಾಯಿಯ ಕಡೆಯಿಂದ ನಂಟರೆಂದು ತಿಳಿಯಿತು. ಇದು ಗಿಂಬುಟಾಸ್ ಅವರ ಚಿತ್ರಕ್ಕೆ ಹೊಂದುತ್ತದೆ. ಆದರೆ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಕಬ್ಬಿಣಯುಗದ ಸ್ಮಶಾನವೊಂದು ಅದೇ ಬಗೆಯ ಉತ್ತರ ಕೊಟ್ಟಿತು: ಅಲ್ಲಿ ಹೆಣ್ಣು ತವರಿನಲ್ಲಿಯೇ ಉಳಿಯುತ್ತಿದ್ದಳು, ಗಂಡು ಹೊರಗಿನಿಂದ ಬಂದು ಸೇರುತ್ತಿದ್ದ. ಈ ಬ್ರಿಟನ್ನರಾದರೋ ಹುಲ್ಲುಗಾವಲಿನವರ ವಾರಸುದಾರರು. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಪಡುವಂತಹುದು ಹೆಚ್ಚಿಲ್ಲ.

ಪೂರ್ವಜರ ಪ್ರಭಾವವನ್ನು ಸಂಪೂರ್ಣವಾಗಿ ತಳ್ಳಿಹಾಕುವುದೂ ಸರಿಯಲ್ಲ. ಆಲೆಸಿನಾ, ಜೂಲಿಯಾನೊ, ನನ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ನೇಗಿಲನ್ನು ಕುರಿತು ಒಂದು ಪ್ರಬಂಧ ಬರೆದರು. ನೇಗಿಲು ಹೂಡುವುದಕ್ಕೆ ತೋಳ್ಬಲ ಬೇಕು. ಅದನ್ನು ಬಳಸಿದ ಸಮಾಜಗಳಲ್ಲಿ ಹೊಲ ಗಂಡಿನದಾಯಿತು, ಮನೆ ಹೆಣ್ಣಿನದಾಯಿತು. ಅಂತಹವರ ಸಂತತಿಯಲ್ಲಿ, ಯುರೋಪು ಮತ್ತು ಅಮೆರಿಕಗಳಿಗೆ ವಲಸೆ ಹೋದವರ ಮಕ್ಕಳಲ್ಲಿಯೂ, ಹೆಣ್ಣು ಹೊರಗೆ ದುಡಿಯುವ ಬಗ್ಗೆ ಹಿಂಜರಿಕೆ ಇಂದಿಗೂ ಹೆಚ್ಚು ಎಂಬುದು ಅವರ ನಿರ್ಣಯ. ಇಲ್ಲಿ ದಾಟಿ ಬಂದದ್ದು ರಕ್ತವಲ್ಲ, ಮನೆಯಲ್ಲಿ ಕಲಿಸಿದ ನಡವಳಿಕೆ. ಈ ಅರ್ಥದಲ್ಲಿ ಪೂರ್ವಜರು ಮಾತನಾಡುತ್ತಾರೆ. ಆದರೂ ಸೇಲಂ ಈ ವಾದಕ್ಕೂ ಪೂರ್ತಿ ಒಗ್ಗುವುದಿಲ್ಲ. ನೇಗಿಲು ಗಡಿಯ ಎರಡೂ ಕಡೆ ಒಂದೇ ಆಗಿತ್ತು.

ಕಲಿಸಿದ ನಡವಳಿಕೆ ಒಂದೇ ದನಿಯದೂ ಆಗಿರುವುದಿಲ್ಲ. ಧರ್ಮಪುರಿ ಮೈಸೂರಿಗೆ ಸೇರಿದ ಅದೇ ಚಿಕ್ಕದೇವರಾಜರ ಆಳ್ವಿಕೆಯಲ್ಲಿ, ಅರಮನೆಯ ಸಂಚಿಯ ಊಳಿಗದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದಳು. ಪತಿವ್ರತೆಯ ಕರ್ತವ್ಯವನ್ನು ಬೋಧಿಸುವ ಕಾವ್ಯವದು. ಆದರೂ ಅದರ ನಡುವೆ ಹೆಣ್ಣುಮಗುವನ್ನು ಹೀನವಾಗಿ ಕಾಣುವವರನ್ನು ಹೊನ್ನಮ್ಮ ತಡೆದು ನಿಲ್ಲಿಸಿ ಪ್ರಶ್ನಿಸುತ್ತಾಳೆ, ಹೆತ್ತವಳೂ ಹೊತ್ತವಳೂ ಹೆಣ್ಣಲ್ಲವೆ ಎಂಬ ಭಾವದಲ್ಲಿ. ಕಾಣುವವರಿದ್ದರು, ಆದ್ದರಿಂದ ಪ್ರಶ್ನೆ ಬೇಕಾಯಿತು. ಪ್ರಶ್ನಿಸುವವಳೂ ಇದ್ದಳು. ಹದಿನೇಳನೆಯ ಶತಮಾನದ ‘ನಮ್ಮ ಪೂರ್ವಜರು’ ಎಂದಾಗ ಇವರಲ್ಲಿ ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

1992ರಲ್ಲಿ ತಮಿಳುನಾಡು ಸರಕಾರ ಸೇಲಂನಲ್ಲಿ ‘ತೊಟ್ಟಿಲ್ ಕುೞಂದೈ’ ಯೋಜನೆಯನ್ನು ಆರಂಭಿಸಿತು. ಆಗ ಮುಖ್ಯಮಂತ್ರಿ ಜೆ. ಜಯಲಲಿತಾ. ಬೇಡವಾದ ಮಗುವನ್ನು ಕೊಲ್ಲದೆ ಆಸ್ಪತ್ರೆಯ, ಆರೋಗ್ಯ ಕೇಂದ್ರದ ತೊಟ್ಟಿಲಲ್ಲಿ ಮಲಗಿಸಿ ಹೋಗಬಹುದು, ಹೆಸರು ಕೇಳುವುದಿಲ್ಲ ಎಂಬುದು ಅದರ ತಿರುಳು. 2001ರಲ್ಲಿ ಅದು ಧರ್ಮಪುರಿ, ಮದುರೆ, ತೇನಿ, ದಿಂಡಿಗಲ್ಲುಗಳಿಗೆ ವಿಸ್ತರಿಸಿತು. ಹೆಣ್ಣನ್ನು ತೊರೆಯುವುದಕ್ಕೆ ಸರಕಾರವೇ ಸಮ್ಮತಿಯ ಮುದ್ರೆ ಒತ್ತಿತೆಂದು ಟೀಕಿಸಿದವರಿದ್ದಾರೆ. ಉಳಿದ ಮಕ್ಕಳ ಮುಂದೆ ಆ ಟೀಕೆಯ ಬಲ ಸ್ವಲ್ಪ ಕುಗ್ಗುತ್ತದೆ. 1992ರಲ್ಲಿಯೇ ಹೆಣ್ಣುಮಗುವಿನ ಹೆಸರಿನಲ್ಲಿ ಹಣವಿಡುವ ಇನ್ನೊಂದು ಯೋಜನೆಯೂ ಬಂತು. ಅದಕ್ಕೆ ಅರ್ಹರಾಗಲು ಗಂಡುಮಗುವಿರಬಾರದು, ತಂದೆತಾಯಿಗಳಲ್ಲಿ ಒಬ್ಬರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಬೇಕು. ಒಂದು ಕೈಯಲ್ಲಿ ಹೆಣ್ಣನ್ನು ಉಳಿಸಿ, ಇನ್ನೊಂದು ಕೈಯಲ್ಲಿ ಕುಟುಂಬವನ್ನು ಕಿರಿದುಗೊಳಿಸುವ ಈ ಷರತ್ತು ತೊಡಕಿನದು.

ಧರ್ಮಪುರಿಯಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಬೀದಿನಾಟಕದ ಜಾಥಾ ನಡೆಯಿತು. ಹಳ್ಳಿಯ ಯುವಕ ಯುವತಿಯರನ್ನೇ ಕಲಾವಿದರನ್ನಾಗಿ ತರಬೇತಿಗೊಳಿಸಿ, ಹಾಡು ಮತ್ತು ನಾಟಕಗಳ ಮೂಲಕ ಊರೂರಿನಲ್ಲಿ ಇದನ್ನು ಬಾಯಿಬಿಟ್ಟು ಮಾತನಾಡುವಂತೆ ಮಾಡಲಾಯಿತು. ‘ಸಾಮಾಜಿಕ ಕಾರಣ’ವೆಂಬ ಪದದ ಹಿಂದೆ ಅಡಗಿದ್ದುದು ಊರ ಚಾವಡಿಯ ಮುಂದೆ, ದ್ರೌಪದಿ ಕೂತ್ತು ನಡೆಯುವಂತಹ ಬಯಲುಗಳಲ್ಲಿಯೇ, ವೇಷ ಕಟ್ಟಿ ನಿಂತಿತು. ಜಾನಪದ ರಂಗಭೂಮಿಯ ಸಾಮಾಜಿಕ ಬಳಕೆಯನ್ನು ಕುರಿತು ಕಿರುಪ್ರಬಂಧ ಬರೆಯುವವರು ಈ ಪ್ರಯೋಗವನ್ನು ವಿವರವಾಗಿ ಓದಬಹುದು.

2011ರ ಗಣತಿಯಲ್ಲಿ ಸೇಲಂ ಮತ್ತು ಧರ್ಮಪುರಿ ಎರಡೂ 900ನ್ನು ದಾಟಿದ್ದವು. ಇಪ್ಪತ್ತು ವರ್ಷಗಳಲ್ಲಿ ಸೇಲಂನವರ ಪೂರ್ವಜರು ಬದಲಾಗಿರಲಿಲ್ಲ. ಅದೇ ಗಣತಿಯಲ್ಲಿ ಹಿಂದೆ ಯಾರೂ ಸಂಶಯಿಸದಿದ್ದ ಕಡಲೂರು, ಅರಿಯಲೂರು ಜಿಲ್ಲೆಗಳು 900ಕ್ಕಿಂತ ಕೆಳಗಿಳಿದವು. ತೊಟ್ಟಿಲು ಯೋಜನೆಯನ್ನು ಅಲ್ಲಿಗೂ ಕೊಂಡೊಯ್ಯಬೇಕಾಯಿತು. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾನೂನು 1996ರಲ್ಲಿಯೇ ಜಾರಿಗೆ ಬಂದಿತ್ತು, ಸ್ಕ್ಯಾನಿಂಗ್ ಯಂತ್ರ ಅದಕ್ಕಿಂತ ವೇಗವಾಗಿ ಸಣ್ಣ ಪಟ್ಟಣಗಳನ್ನು ತಲುಪಿತ್ತು. ದೇಶದ ಅನುಪಾತ 1991ರ 945ರಿಂದ 2001ರಲ್ಲಿ 927ಕ್ಕೆ, 2011ರಲ್ಲಿ ಇನ್ನೂ ಕೆಳಕ್ಕೆ ಹೋಗಿತ್ತು. ಕರ್ನಾಟಕದ್ದು 960ರಿಂದ 946ಕ್ಕೆ ಇಳಿದು ಅಲ್ಲಿಯೇ ನಿಂತಿತ್ತು. ಹುಟ್ಟುವ ಮೊದಲೇ ಇಲ್ಲವಾಗುವವರನ್ನು ನಮೂದಿಸಲು ಆರೋಗ್ಯ ಕೇಂದ್ರದ ಹಳೆಯ ಮರಣ ಪುಸ್ತಕದಲ್ಲಿ ಅಂಕಣವಿಲ್ಲ.